ದೂರವಾಣಿಯ ತಂತಿಯೂ ಮೋಡೆಮಿನ ವೇಗವೂ



1998ನೆಯ ಇಸವಿಯ ಸುಮಾರಿಗೆ ಮನೆಯ ಕಂಪ್ಯೂಟರಿಗಾಗಿ ಮೋಡೆಮನ್ನು ಕೊಳ್ಳಹೋದವರು ಪೆಟ್ಟಿಗೆಯ ಮೇಲೆ 56 ಕೆ ಎಂಬ ದೊಡ್ಡ ಅಂಕೆಯನ್ನೇ ಕಾಣುತ್ತಿದ್ದರು. ಅದನ್ನು ನಂಬಿ ಹಣ ತೆತ್ತವರಲ್ಲಿ ಅನೇಕರಿಗೆ ಅಷ್ಟು ವೇಗವು ಎಂದೂ ದೊರೆಯಲಿಲ್ಲ. ಇದನ್ನು ವರ್ತಕರ ಮೋಸವೆನ್ನುವುದು ನ್ಯಾಯವಲ್ಲ. ತಂತಿಯ ಗುಣವನ್ನರಿಯದೆ ಯಂತ್ರವನ್ನು ಆರಿಸಿದುದೇ ಕಾರಣ. ಆ ಯಂತ್ರವು ಈಗ ಬಹುಮಟ್ಟಿಗೆ ಬಳಕೆ ತಪ್ಪಿದೆ. ಆದರೂ ಅದರ ಲೆಕ್ಕವು ನಮ್ಮ ಹೆಣ್ಣುಮಕ್ಕಳು ಅರಿಯತಕ್ಕದ್ದೆಂದು ಬಗೆದು ಇಲ್ಲಿ ಬರೆಯುತ್ತೇವೆ.

ದೂರವಾಣಿಯು ಮನುಷ್ಯರ ಮಾತಿಗಾಗಿ ಏರ್ಪಟ್ಟದ್ದು. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳುಳ್ಳ ಧ್ವನಿಯನ್ನು ಮಾತ್ರ ಅದು ಸಾಗಿಸುವುದು. ಕಂಪ್ಯೂಟರಿನ ಸೊನ್ನೆ ಒಂದುಗಳನ್ನು, ಅಂದರೆ ಬಿಟ್‌ಗಳನ್ನು, ಆ ಮಿತಿಯೊಳಗಿನ ಧ್ವನಿಯಾಗಿ ಮಾರ್ಪಡಿಸುವುದೂ ಆಚೆಯ ಕೊನೆಯಲ್ಲಿ ಧ್ವನಿಯನ್ನು ಮರಳಿ ಬಿಟ್‌ಗಳಾಗಿ ಬಿಡಿಸುವುದೂ ಮೋಡೆಮಿನ ಕೆಲಸ.

ಹತ್ತು ಲಕ್ಷ ಬೈಟುಗಳ ಕಡತವೊಂದರಲ್ಲಿ 80 ಲಕ್ಷ ಬಿಟ್‌ಗಳಿರುವುವು. 1984ರ ವಿ.22 ಬಿಸ್ ಎಂಬ ಕಟ್ಟಳೆಯಂತೆ ಸೆಕೆಂಡಿಗೆ 2,400 ಬಿಟ್‌ಗಳನ್ನು ಕಳುಹಿಸಿದರೆ ಇದಕ್ಕೆ ಸುಮಾರು 55 ನಿಮಿಷಗಳು ಹಿಡಿಯುವುವು. 1991ರ ವಿ.32 ಬಿಸ್ ಕಟ್ಟಳೆಯ 14,400ರ ವೇಗದಲ್ಲಿ ಒಂಬತ್ತು ನಿಮಿಷಕ್ಕೆ ತುಸು ಮಿಗಿಲು, ವಿ.34 ಎಂಬುದು 1996ರಲ್ಲಿ 33,600ನ್ನು ಮುಟ್ಟಿದಾಗ ನಾಲ್ಕೇ ನಿಮಿಷಗಳು. ದೂರದ ಊರಿನ ಕರೆಗೆ ಹೊತ್ತಿನ ಲೆಕ್ಕದಲ್ಲಿ ಹಣ ತೆರುತ್ತಿದ್ದ ಕಾಲದಲ್ಲಿ ಈ ವ್ಯತ್ಯಾಸವು ಸಣ್ಣದಲ್ಲ.

ಇನ್ನು 56 ಕೆ ಸಂಗತಿ. 1998ರ ವಿ.90 ಕಟ್ಟಳೆಯು ಈ ವೇಗವನ್ನು ಒಂದೇ ದಿಕ್ಕಿಗೆ ಕೊಟ್ಟಿತು. ಇಂಟರ್‌ನೆಟ್ ಸೇವೆಯವರ ಯಂತ್ರವು ದೂರವಾಣಿ ಕೇಂದ್ರಕ್ಕೆ ಅಂಕೆಗಳ ರೂಪದಲ್ಲಿಯೇ ಜೋಡಿಸಲ್ಪಟ್ಟಿದ್ದರೆ, ಅಲ್ಲಿಂದ ಬರುವ ಅಂಕೆಗಳು ನಮ್ಮ ಮನೆಯ ತಂತಿಯನ್ನು ಸೇರುವಲ್ಲಿ ಒಂದೇ ಸಾರಿ ಧ್ವನಿಯ ರೂಪವನ್ನು ತಾಳುವುವು. ನಾವು ಕಳುಹಿಸುವಾಗಲಾದರೋ ಕೇಂದ್ರವು ನಮ್ಮ ಧ್ವನಿಯನ್ನು ಅಳೆದು ಅಂಕೆಯಾಗಿ ಮಾಡಬೇಕು. ಆ ಅಳತೆಯಲ್ಲಿ ಸೂಕ್ಷ್ಮವಾದ ಅಂಶವು ನಷ್ಟವಾಗುವುದು. ಆದುದರಿಂದ ಹೋಗುವ ವೇಗವು 33,600ಕ್ಕೇ ನಿಂತಿತು. ಒಂದು ಮನೆಯಿಂದ ಇನ್ನೊಂದು ಮನೆಗೆ ಕಡತವನ್ನು ಕಳುಹಿಸುವವರು ಇಬ್ಬರೂ 56 ಕೆ ಮೋಡೆಮನ್ನೇ ಕೊಂಡರೂ ಅದಕ್ಕಿಂತ ಹೆಚ್ಚು ಪಡೆಯಲಾರರು. ಅಂಥವರು ವಿ.34ರಲ್ಲಿ ತೃಪ್ತರಾಗಬಹುದಾಗಿತ್ತು. ಇಂಟರ್‌ನೆಟ್ಟಿನಿಂದ ಕಡತಗಳನ್ನು ತರಿಸಿಕೊಳ್ಳುವವರಿಗೆ ಮಾತ್ರ ಹೆಚ್ಚಿನ ಬೆಲೆಯು ಸಾರ್ಥಕ, ಅದೂ ಸೇವೆಯವರಲ್ಲಿ ಅದೇ ಕಟ್ಟಳೆ ಇದ್ದರೆ. 1997ರಲ್ಲಿ ಎಕ್ಸ್2 ಮತ್ತು ಕೆ56ಫ್ಲೆಕ್ಸ್ ಎಂಬ ಎರಡು ಪದ್ಧತಿಗಳಿದ್ದು, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ!

ಅಗ್ಗದ ಒಳ ಮೋಡೆಮುಗಳಲ್ಲಿ ಹಲವು ತಮ್ಮ ದುಡಿಮೆಯನ್ನು ಕಂಪ್ಯೂಟರಿನ ತಲೆಗೇ ಕಟ್ಟುತ್ತಿದ್ದವು. ಹಳೆಯ ಕಂಪ್ಯೂಟರು ಇದರಿಂದ ಬಳಲುತ್ತಿತ್ತು. ಹೊರಗಿಡುವ ಮೋಡೆಮು ಬೆಲೆಯಲ್ಲಿ ಹೆಚ್ಚು, ಆದರೆ ಸಂಪರ್ಕವು ಎಲ್ಲಿ ಕೆಟ್ಟಿತೆಂಬುದನ್ನು ಅದರ ದೀಪಗಳೇ ತೋರಿಸುತ್ತಿದ್ದವು. ನಮ್ಮ ಒಲವು ಅದರ ಕಡೆಗೇ. ತಪ್ಪು ತಿದ್ದುವ ವಿ.42, ಕಡತವನ್ನು ಅಡಕಗೊಳಿಸುವ ವಿ.42 ಬಿಸ್ ಇವೆಯೋ ಎಂದೂ ನೋಡಬೇಕಾಗಿತ್ತು. ಕಾಗದಪತ್ರಗಳು ಇದರಿಂದ ಬಹಳ ಬೇಗ ಹೋಗುವುವು. ಮೊದಲೇ ಅಡಕವಾಗಿರುವ ಚಿತ್ರಗಳಿಗೆ ಪ್ರಯೋಜನವಿಲ್ಲ.

ಇಷ್ಟೆಲ್ಲ ಆರಿಸಿ ತಂದರೂ, ತಂತಿಯಲ್ಲಿ ಗರಗರ ಶಬ್ದವಿದ್ದರೆ ಮೋಡೆಮು ತಾನೇ ಅದನ್ನು ಪರೀಕ್ಷಿಸಿ ವೇಗವನ್ನು ತಗ್ಗಿಸಿಕೊಳ್ಳುವುದು. ಮನೆಯಲ್ಲಿ ಅದೇ ತಂತಿಗೆ ಇನ್ನೊಂದು ದೂರವಾಣಿಯಿದ್ದು ಯಾರಾದರೂ ಅದನ್ನು ಎತ್ತಿದರೆ ಸಂಪರ್ಕವೇ ಕಡಿದು, ಕೆಲವು ವೇಳೆ ಕಡತವನ್ನು ಮೊದಲಿನಿಂದ ಕಳುಹಿಸಬೇಕಾಗುತ್ತಿತ್ತು.