ರಾಗಿ ಬಿಟ್ಟರೆ ಕರಗುವ ಕ್ಯಾಲ್ಸಿಯಂ ಅಲ್ಲ

ನಟ ಪುನೀತ್ ರಾಜ್‌ಕುಮಾರ್, ಎಲ್ಲರ ಅಪ್ಪು, 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ಮೇಲೆ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದದ್ದು ಬೆಂಗಳೂರಿನವರಿಗೆಲ್ಲ ನೆನಪಿದೆ. 46 ವರ್ಷ, ಕಸರತ್ತಿನ ಮೈ. ‘ಅಪ್ಪುಗೇ ಹಿಂಗಾದ್ರೆ ನಮ್ಮ ಗತಿಯೇನು’ ಅನ್ನೋದು ನಗರ್ತಪೇಟೆಯ ಅಂಗಡಿ ಅಂಗಡಿಯ ಮಾತಾಗಿತ್ತು. ನನ್ನನ್ನೂ ಮನೆಯವಳು ಬಿಡದೆ ಹೊರಡಿಸಿದಳು.

ನನ್ನದು ಬಟ್ಟೆ ವ್ಯಾಪಾರ. ಬೀಡಿ, ಸಿಗರೇಟು ಮುಟ್ಟಿದವನಲ್ಲ. ಸಕ್ಕರೆ ಕಾಯಿಲೆಯಿಲ್ಲ, ಬಿ.ಪಿ. ಇಲ್ಲ. ಬೆಳಗಾದರೆ ಲಾಲ್‌ಬಾಗ್. ಡಾಕ್ಟರು ಇದನ್ನೆಲ್ಲ ಕೇಳಿಸಿಕೊಂಡು, ‘ನಿಮ್ಮ ತಂದೆಯವರು?’ ಎಂದರು. ಅಪ್ಪ 52ಕ್ಕೇ ಗಲ್ಲಾದ ಮುಂದೆ ಕೂತಲ್ಲೇ ಹೋದವರು. ಆ ಒಂದು ಉತ್ತರಕ್ಕೇ ಹೃದಯದ ಸಿ.ಟಿ. ಸ್ಕ್ಯಾನ್ ಬರೆದರು. ಚುಚ್ಚುವುದಿಲ್ಲ, ಡೈ ಹಾಕುವುದಿಲ್ಲ. ಎದೆಗೆ ಇ.ಸಿ.ಜಿ. ತಂತಿ ಅಂಟಿಸಿ ‘ಉಸಿರು ಹಿಡ್ಕೊಳ್ಳಿ, ಬಿಡಿ’ ಅನ್ನುವಷ್ಟರಲ್ಲಿ ಮುಗಿದೇ ಹೋಯಿತು. ಹೃದಯದ ರಕ್ತನಾಳಗಳ ಕ್ಯಾಲ್ಸಿಯಂ ಸ್ಕೋರ್ 312. ಸೊನ್ನೆಯಾದರೆ ನಿರಾಳ, 100 ದಾಟಿದರೆ ಮಾತ್ರೆಯ ಮಾತು, 400 ದಾಟಿದರೆ ಅಪಾಯ ಜಾಸ್ತಿ. ಈ ಸ್ಕೋರ್ ಎಣಿಸುವ ಲೆಕ್ಕವನ್ನು 1990ರಲ್ಲಿ ಕೊಟ್ಟವರು ಅಮೆರಿಕದ ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು.

ಸುದ್ದಿ ಪೇಟೆಗೆ ಮುಟ್ಟಿದ್ದೇ ತಡ, ಪಕ್ಕದಂಗಡಿಯವರು ‘ಅಣ್ಣಾ, ಮೊದಲು ರಾಗಿ ಮುದ್ದೆ ಬಿಡಿ, ಕ್ಯಾಲ್ಸಿಯಂ ತುಂಬಿರೋದೇ ಅದರಲ್ಲಿ’ ಎಂದರು. ಇನ್ನೊಬ್ಬರು ಹಾಲು ಬಿಡಿಸಿದರು. ವಾಟ್ಸಾಪಿನಲ್ಲಿ ನಿಂಬೆ, ಶುಂಠಿ, ಬೆಳ್ಳುಳ್ಳಿ, ಜೇನುತುಪ್ಪದ ಕಷಾಯ ಬಂತು, ಒಂದಲ್ಲ, ನಾಲ್ಕು ಬಗೆಯದು. ಆದರೆ ಸ್ಕೋರಿನ ಕ್ಯಾಲ್ಸಿಯಂ ಬರುವ ದಾರಿಯೇ ಬೇರೆ: ರಕ್ತನಾಳದ ಗೋಡೆಯೊಳಗೆ ಕೊಬ್ಬು ಕೂತು, ಉರಿಯೂತವಾಗಿ, ಹಳೆಯ ಗಾಯಕ್ಕೆ ಹಕ್ಕಳೆ ಕಟ್ಟಿದ ಹಾಗೆ ಕ್ಯಾಲ್ಸಿಯಂ ಕಟ್ಟಿ ಅದು ಗಟ್ಟಿಯಾಗುತ್ತದೆ. ತಟ್ಟೆಯ ರಾಗಿ ಹೋಗಿ ಅಲ್ಲಿ ಕೂರುವುದಿಲ್ಲ. ನಮ್ಮ ಮನೆಯಲ್ಲಿ ಮುದ್ದೆ ಇವತ್ತಿಗೂ ನಡೆಯುತ್ತದೆ.

ಹಾಗಾದರೆ ನನಗೇಕೆ ಬಂತು? ರಕ್ತದಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದಾಗ ತಿಳಿಯಿತು: ಕೊಲೆಸ್ಟ್ರಾಲ್ ಹೊರುವ ಲಿಪೊಪ್ರೋಟೀನ್-ಎ ಎಂಬ ಕಣ, ಡಾಕ್ಟರುಗಳ ಬಾಯಲ್ಲಿ ‘ಎಲ್‌ಪಿ ಲಿಟ್ಲ್ ಎ’, ವಿಪರೀತ ಜಾಸ್ತಿ. ಸಾಮಾನ್ಯ ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಇದು ಬರುವುದೇ ಇಲ್ಲ. ಹೆಚ್ಚುಕಡಿಮೆ ಪೂರ್ತಿ ವಂಶದಿಂದ ಬರುವಂಥದು, ಪಥ್ಯಕ್ಕೂ ನಡಿಗೆಗೂ ಜಗ್ಗುವುದಿಲ್ಲ. ಲಾಲ್‌ಬಾಗ್ ಸುತ್ತಿದ್ದೆಲ್ಲ ದಂಡವೇ ಎಂದು ಕೇಳಿದೆ. ‘ಸುತ್ತಿದ್ದಕ್ಕೇ ಇಷ್ಟು ದಿನ ಏನೂ ಆಗಿಲ್ಲದಿರಬಹುದು, ನಿಲ್ಲಿಸಬೇಡಿ’ ಎಂದರು. ನನಗೂ ಹಾಗೇ ಅನ್ನಿಸುತ್ತದೆ.

ಈಗ ರಾತ್ರಿ ಒಂದು ಸ್ಟ್ಯಾಟಿನ್ ಮಾತ್ರೆ. ಕೆಟ್ಟ ಕೊಲೆಸ್ಟ್ರಾಲ್ ಅರ್ಧಕ್ಕರ್ಧ ಇಳಿದಿದೆ. ಸ್ಕೋರ್ ಇಳಿಯಿತೇ ಎಂದು ಗೆಳೆಯರು ಕೇಳುತ್ತಾರೆ. ಇಳಿಯುವುದಿಲ್ಲ, ಸ್ಟ್ಯಾಟಿನ್ ತಗೊಂಡವರಲ್ಲಿ ಅದು ಏರುವುದೂ ಉಂಟು. ಒಡೆದು ರಕ್ತ ಹೆಪ್ಪುಗಟ್ಟಿಸುವ ಮೆತ್ತನೆಯ ಕೊಬ್ಬು ಗಟ್ಟಿಯಾಗುವುದೇ ಅದಕ್ಕೆ ಕಾರಣ, ಅದು ಒಳ್ಳೆಯದೇ. ಹಾಗಾಗಿ ವರ್ಷ ವರ್ಷ ಸ್ಕ್ಯಾನ್ ಮಾಡಿಸುವುದು ದುಡ್ಡು ದಂಡ.

ನಿಮ್ಮ ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯಾಘಾತ ಆಗಿದ್ದರೆ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಎಲ್‌ಪಿ ಲಿಟ್ಲ್ ಎ ಜೀವಮಾನಕ್ಕೆ ಒಂದು ಸಲ ನೋಡಿಸಿ. ಎದೆ ಹಿಂಡಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ಇ.ಸಿ.ಜಿ. ಇರುವ ಕಡೆ ಹೋಗಿ.