ಸಮೀಕ್ಷೆ ಮುಗಿಯದೆ ಎತ್ತಂಗಡಿ ಇಲ್ಲ: ಬೀದಿ ಬದಿ ವ್ಯಾಪಾರಿಗಳಿಗೆ ಕಾನೂನು ಕೊಟ್ಟಿರುವ ಹಕ್ಕು

ಫುಟ್‌ಪಾತಿನಲ್ಲಿ ಹಣ್ಣು, ಹೂವು, ಸೊಪ್ಪು ಮಾರುವವರನ್ನು ಎಬ್ಬಿಸಲು ಬಂದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: 'ಇದು ಅಕ್ರಮ, ಜಾಗ ಖಾಲಿ ಮಾಡಿ.' ಕೇಳಿದವರು ತಲೆ ತಗ್ಗಿಸಿ ಬುಟ್ಟಿ ಎತ್ತಿಕೊಳ್ಳುತ್ತಾರೆ. ಆದರೆ 2014ರ ಮೇ 1ರಿಂದ ಈ ದೇಶದಲ್ಲಿ ಬೀದಿ ಬದಿ ವ್ಯಾಪಾರಕ್ಕೆಂದೇ ಒಂದು ಕೇಂದ್ರ ಕಾನೂನು ಜಾರಿಯಲ್ಲಿದೆ. ಅದರ ಹೆಸರಿನಲ್ಲೇ 'ಜೀವನೋಪಾಯ ಸಂರಕ್ಷಣೆ' ಮೊದಲು ಬರುತ್ತದೆ, 'ನಿಯಂತ್ರಣ' ಆಮೇಲೆ. ಈ ಕಾನೂನು ಗೊತ್ತಿರುವ ವ್ಯಾಪಾರಿ ತಲೆ ತಗ್ಗಿಸಬೇಕಿಲ್ಲ. ಎಬ್ಬಿಸಲು ಬಂದವರನ್ನೇ ಮೂರು ಪ್ರಶ್ನೆ ಕೇಳಬಹುದು: ಸಮೀಕ್ಷೆ ಆಗಿದೆಯೇ? ನೋಟಿಸ್ ಎಲ್ಲಿ? ಜಪ್ತಿ ಮಾಡಿದ ಮಾಲಿನ ಪಟ್ಟಿ ಎಲ್ಲಿ?

ಈ ಕಾನೂನು ಯಾರದೋ ಕರುಣೆಯಿಂದ ಬಂದದ್ದಲ್ಲ. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19(1)(ಜಿ) ವಿಧಿ ಕೊಟ್ಟ ಉದ್ಯೋಗದ ಹಕ್ಕಿನೊಳಗೇ ಬರುತ್ತದೆ, ಸರ್ಕಾರ ಸಮಂಜಸ ನಿರ್ಬಂಧಗಳನ್ನು ಹಾಕಬಹುದು ಎಂದು 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2010ರಲ್ಲಿ ಗೇಂದಾ ರಾಮ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಈ ಹಕ್ಕನ್ನು ಕಾಪಾಡುವ ಕಾನೂನನ್ನು 2011ರ ಜೂನ್ 30ರೊಳಗೆ ಮಾಡಿ ಎಂದು ಸರ್ಕಾರಕ್ಕೆ ಗಡುವು ಕೊಟ್ಟಿತು. ಗಡುವು ಮೀರಿತು. ಬೀದಿ ವ್ಯಾಪಾರಿಗಳ ಸಂಘಟನೆಗಳು ಪಟ್ಟು ಬಿಡಲಿಲ್ಲ. ಕೊನೆಗೆ 2014ರ ಫೆಬ್ರುವರಿಯಲ್ಲಿ ಸಂಸತ್ತು ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಮೊದಲು ಸಮೀಕ್ಷೆ, ಉಳಿದದ್ದು ಆಮೇಲೆ

ಇಡೀ ಕಾನೂನು ನಿಂತಿರುವುದು 3ನೇ ಕಲಮಿನ ಮೇಲೆ. ನಗರಸಭೆ, ಪುರಸಭೆ, ಪಾಲಿಕೆ ಯಾವುದೇ ಇರಲಿ, ಅದರ ವ್ಯಾಪ್ತಿಯಲ್ಲಿ ಈಗಾಗಲೇ ವ್ಯಾಪಾರ ಮಾಡುತ್ತಿರುವ ಎಲ್ಲರ ಸಮೀಕ್ಷೆ ನಡೆಯಬೇಕು. ಐದು ವರ್ಷಕ್ಕೊಮ್ಮೆಯಾದರೂ ಅದು ಮತ್ತೆ ನಡೆಯಬೇಕು. ಸಮೀಕ್ಷೆಯಲ್ಲಿ ಗುರುತಿಸಿದವರಿಗೆಲ್ಲ ಜಾಗ ಕೊಡಬೇಕು. ಮಿತಿ ಏನೆಂದರೆ ಅವರ ಸಂಖ್ಯೆ ಆ ವಾರ್ಡು ಅಥವಾ ಪಟ್ಟಣದ ಜನಸಂಖ್ಯೆಯ ಶೇ 2.5ರೊಳಗೆ ಇರಬೇಕು. ಒಂದು ಲಕ್ಷ ಜನರಿರುವ ಊರಿನಲ್ಲಿ ಹೀಗೆ 2,500 ವ್ಯಾಪಾರಿಗಳಿಗೆ ಅವಕಾಶವಿದೆ. ಒಂದು ವಲಯದಲ್ಲಿ ಜಾಗಕ್ಕಿಂತ ಜನ ಹೆಚ್ಚಾದರೆ ಚೀಟಿ ಎತ್ತಿ ಹಂಚಬೇಕು, ಉಳಿದವರಿಗೆ ಪಕ್ಕದ ವಲಯದಲ್ಲಿ ಜಾಗ ತೋರಿಸಬೇಕು.

ಅದೇ ಕಲಮಿನ ಮೂರನೇ ಉಪಕಲಮನ್ನು ಪ್ರತಿಯೊಬ್ಬ ವ್ಯಾಪಾರಿಯೂ ಬಾಯಿಪಾಠ ಮಾಡಿಕೊಳ್ಳಬೇಕು. ಸಮೀಕ್ಷೆ ಪೂರ್ತಿಯಾಗಿ, ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾವ ಬೀದಿ ವ್ಯಾಪಾರಿಯನ್ನೂ ಎತ್ತಂಗಡಿ ಮಾಡುವಂತಿಲ್ಲ, ಬೇರೆಡೆಗೆ ಕಳಿಸುವಂತೆಯೂ ಇಲ್ಲ.

ಆದ್ದರಿಂದ ಸಮೀಕ್ಷೆಯವರು ಬರುವ ದಿನ ನಿಮ್ಮ ಜಾಗದಲ್ಲಿ ನೀವೇ ಇರಿ. ಆಧಾರ್, ಪಡಿತರ ಚೀಟಿ, ಹಿಂದೆ ಸುಂಕ ಕಟ್ಟಿದ ರಸೀದಿ, ಗಾಡಿಯ ಜೊತೆ ನಿಂತ ಒಂದು ಫೋಟೊ ಕೈಯಲ್ಲಿರಲಿ. ಹೆಸರು ಬಿಟ್ಟುಹೋದರೆ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಎರಡು ಪ್ರತಿ ಅರ್ಜಿ ಬರೆದು, ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮುಂದೆ ತಕರಾರು ಬಂದಾಗ ಆ ಮೊಹರೇ ನಿಮ್ಮ ಸಾಕ್ಷಿ.

ಪ್ರಮಾಣಪತ್ರಕ್ಕೆ ಷರತ್ತುಗಳಿವೆ. ವ್ಯಾಪಾರವನ್ನು ನೀವೇ ಮಾಡಬೇಕು, ಇಲ್ಲವೇ ಮನೆಯವರು ಮಾಡಬೇಕು. ಬೇರೆ ಜೀವನೋಪಾಯ ಇರಬಾರದು. ಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ, ಮಾರುವಂತಿಲ್ಲ. ವ್ಯಾಪಾರಿ ತೀರಿಕೊಂಡರೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದರೆ ಪತ್ನಿಗೋ ಪತಿಗೋ, ಅವರಿಲ್ಲದಿದ್ದರೆ ಅವಲಂಬಿತ ಮಗ ಅಥವಾ ಮಗಳಿಗೆ ಅದೇ ಜಾಗದಲ್ಲಿ ಮುಂದುವರಿಯುವ ಹಕ್ಕಿದೆ. ಪತ್ರ ರದ್ದು ಮಾಡುವ ಮೊದಲು ನಿಮ್ಮ ಮಾತು ಕೇಳಲೇಬೇಕು.

ಲಾರಿ ಬಂದಾಗ

ನಸುಕಿನಲ್ಲಿ ಸಗಟು ಮಾರುಕಟ್ಟೆಯಿಂದ ತಂದ ಕೊತ್ತಂಬರಿ, ದಂಟಿನ ಸೊಪ್ಪಿನ ಕಟ್ಟುಗಳು ಬೆಳಗ್ಗೆ ಹನ್ನೊಂದಕ್ಕೆ ಲಾರಿ ಏರಿದರೆ ಸಂಜೆಯ ಹೊತ್ತಿಗೆ ದನಕ್ಕೆ ಹಾಕಲೂ ಯೋಗ್ಯವಾಗಿರುವುದಿಲ್ಲ. ಆ ಸೊಪ್ಪು ಬಡ್ಡಿಗೆ ತಂದ ದುಡ್ಡಿನದು. ಜೊತೆಗೆ ಹೋದ ತಕ್ಕಡಿ, ತೂಕದ ಬಟ್ಟುಗಳು, ಟಾರ್ಪಾಲು ಮತ್ತೆ ಕೊಳ್ಳುವಷ್ಟರಲ್ಲಿ ಆ ಮನೆ ಇನ್ನೊಂದು ಸಾಲಕ್ಕೆ ಬಿದ್ದಿರುತ್ತದೆ. ಕಾನೂನು ಬರೆದವರಿಗೆ ಈ ಕಷ್ಟ ಗೊತ್ತಿತ್ತು ಎಂಬುದು 18 ಮತ್ತು 19ನೇ ಕಲಮುಗಳನ್ನು ಓದಿದರೆ ತಿಳಿಯುತ್ತದೆ.

ಪ್ರಮಾಣಪತ್ರ ಇರುವವರನ್ನು ಆ ಜಾಗದಿಂದ ಎಬ್ಬಿಸಬೇಕಾದರೆ 30 ದಿನಗಳ ಮುಂಚಿತ ನೋಟಿಸ್ ಕೊಡಬೇಕು. ಅವಧಿ ಮುಗಿದ ಮೇಲೂ ಜಾಗ ಬಿಡದಿದ್ದರೆ ಮಾತ್ರ ಬಲವಂತದ ತೆರವು, ಜಪ್ತಿ. ಜಪ್ತಿ ಮಾಡಿದವರು ಮಾಲಿನ ಪಟ್ಟಿ ತಯಾರಿಸಿ, ಅಧಿಕೃತ ವ್ಯಕ್ತಿ ಸಹಿ ಹಾಕಿದ ಪ್ರತಿಯನ್ನು ವ್ಯಾಪಾರಿಗೆ ಕೊಡಬೇಕು. ನೀವು ಶುಲ್ಕ ಕಟ್ಟಿ ಮಾಲು ಕೇಳಿದರೆ, ಕೊಳೆಯುವ ಪದಾರ್ಥವನ್ನು ಕೇಳಿದ ದಿನವೇ ಬಿಡಬೇಕು, ಉಳಿದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಪಟ್ಟಿ ಕೊಡದೆ ಹೊರಟರೆ ವಾಹನದ ಸಂಖ್ಯೆ, ಸಮಯ, ಹೋದ ಸಾಮಾನಿನ ವಿವರ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಅದೇ ದಿನ ಆಯುಕ್ತರಿಗೋ ಮುಖ್ಯಾಧಿಕಾರಿಗೋ ಲಿಖಿತ ದೂರು ಕೊಡಿ.

ಪೊಲೀಸರ ವಿಷಯಕ್ಕೆ 27ನೇ ಕಲಮು ಇದೆ. ಪ್ರಮಾಣಪತ್ರದ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರಾಗಲಿ ಬೇರೆ ಪ್ರಾಧಿಕಾರವಾಗಲಿ, ಇನ್ನೊಂದು ಕಾನೂನಿನ ಅಧಿಕಾರ ಮುಂದಿಟ್ಟುಕೊಂಡು ತಡೆಯುವಂತಿಲ್ಲ. ದಿನದ ಮಾಮೂಲು ಕೇಳಿದರೆ ಅದು ಲಂಚ. ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬಹುದು.

ಈ ರಕ್ಷಣೆ ಇದೆಯೆಂದು ದಾರಿಯನ್ನೇ ಮುಚ್ಚಿ ಕೂರುವ ಹಾಗಿಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೂ ಮಗು ಎತ್ತಿಕೊಂಡ ತಾಯಿಗೂ ಫುಟ್‌ಪಾತಿನ ಮೇಲೆ ಹಕ್ಕಿದೆ. ಸುತ್ತಲಿನ ಸ್ವಚ್ಛತೆ ವ್ಯಾಪಾರಿಯ ಹೊಣೆ. ಪ್ರಮಾಣಪತ್ರವಿಲ್ಲದೆ ವ್ಯಾಪಾರ ಮಾಡಿದರೂ ಷರತ್ತು ಮೀರಿದರೂ 2,000 ರೂಪಾಯಿವರೆಗೆ ದಂಡ ಬೀಳಬಹುದು. ರೈಲ್ವೆಗೆ ಸೇರಿದ ಜಾಗಕ್ಕೆ ಈ ಕಾನೂನು ಅನ್ವಯಿಸುವುದಿಲ್ಲ.

ಅನುಸೂಚಿಗಳನ್ನು ಓದುವವರು ಕಡಿಮೆ, ಆದರೆ ನನ್ನ ಮಟ್ಟಿಗೆ ಈ ಕಾನೂನಿನ ಜೀವ ಅಲ್ಲಿದೆ. ಸಮೀಕ್ಷೆ ನಡೆದು, ಬೀದಿ ವ್ಯಾಪಾರದ ಯೋಜನೆ ಸಿದ್ಧವಾಗುವ ತನಕ ಯಾವ ಪ್ರದೇಶವನ್ನೂ 'ವ್ಯಾಪಾರ ನಿಷೇಧ ವಲಯ' ಎಂದು ಘೋಷಿಸುವಂತಿಲ್ಲ. ಜನಜಂಗುಳಿ ಇದೆಯೆಂಬ ಕಾರಣಕ್ಕೆ ನಿಷೇಧಿಸುವಂತಿಲ್ಲ. ಕೊಳಕು ಎಂದೂ ನಿಷೇಧಿಸುವಂತಿಲ್ಲ, ಆ ಕೊಳಕು ವ್ಯಾಪಾರಿಗಳಿಂದ ಮಾತ್ರವೇ ಆಗಿದ್ದು ನಗರಾಡಳಿತದ ಯಾವ ಕ್ರಮದಿಂದಲೂ ಸರಿಹೋಗದಿದ್ದರೆ ಮಾತ್ರ ಆ ಮಾತು. ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ಜನ ತಾವಾಗಿಯೇ ಕೂಡಿ ವ್ಯಾಪಾರ ನಡೆಸಿರುವ ಸಂತೆ, ಬೀದಿಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು. ನಮ್ಮ ಊರುಗಳ ಹಳೆಯ ದೇವಸ್ಥಾನದ ಬೀದಿಗಳಲ್ಲಿ, ಪೇಟೆಗಳಲ್ಲಿ ಮೂರು ತಲೆಮಾರಿನಿಂದ ಹೂ ಕಟ್ಟುತ್ತಿರುವವರು ಈ ಸಾಲನ್ನು ಅರ್ಜಿಯಲ್ಲಿ ಬರೆದು ಹಕ್ಕಿನಿಂದ ಕೇಳಬೇಕು.

ಶೇ 40ರ ಕುರ್ಚಿ

ಸಮೀಕ್ಷೆ, ಜಾಗ, ಪ್ರಮಾಣಪತ್ರ ಇವೆಲ್ಲದರ ಹಿಂದೆ ಇರುವುದು ಪಟ್ಟಣ ವ್ಯಾಪಾರ ಸಮಿತಿ. ಕಚೇರಿಗಳಲ್ಲಿ ಟಿವಿಸಿ ಎನ್ನುತ್ತಾರೆ. ಆಯುಕ್ತರು ಅಥವಾ ಮುಖ್ಯಾಧಿಕಾರಿ ಅದರ ಅಧ್ಯಕ್ಷರು. ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ತಮ್ಮ ಬದುಕಿನ ತೀರ್ಮಾನವಾಗುವ ಮೇಜಿನ ಮುಂದೆ ಬಡವರಿಗೂ ಕುರ್ಚಿ ಹಾಕಿದ ಇಂಥ ಕಾನೂನು ನಮ್ಮಲ್ಲಿ ಅಪರೂಪ. ಸಭೆಯೇ ಕರೆಯದಿದ್ದರೆ, ಯಾರದೋ ಹೆಸರು ಬರೆದು ಚುನಾವಣೆ ಮುಗಿಸಿದರೆ, ಆ ಕುರ್ಚಿ ಖಾಲಿಯೇ.

ಇದನ್ನು ಪತ್ತೆ ಮಾಡಲು ಮಾಹಿತಿ ಹಕ್ಕು ಅರ್ಜಿ ಸಾಕು. ಹತ್ತು ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಟಿವಿಸಿ ಸದಸ್ಯರ ಪಟ್ಟಿ, ಸಭೆಯ ನಡಾವಳಿ, ಕೊನೆಯ ಸಮೀಕ್ಷೆಯ ದಿನಾಂಕ ಕೇಳಿ. 30 ದಿನಗಳೊಳಗೆ ಉತ್ತರ ಬರಬೇಕು.

ತಕರಾರು ಬಗೆಹರಿಸಲು ನಿವೃತ್ತ ಸಿವಿಲ್ ನ್ಯಾಯಾಧೀಶರು ಅಥವಾ ನ್ಯಾಯಿಕ ಮ್ಯಾಜಿಸ್ಟ್ರೇಟರ ಅಧ್ಯಕ್ಷತೆಯ ಸಮಿತಿಯನ್ನು 20ನೇ ಕಲಮು ಹೇಳುತ್ತದೆ. ಸರ್ಕಾರದ ಅಥವಾ ಪಾಲಿಕೆಯ ನೌಕರರು ಅದರಲ್ಲಿ ಇರುವಂತಿಲ್ಲ. ನಿಮ್ಮ ಊರಿನಲ್ಲಿ ಆ ಸಮಿತಿ ರಚನೆಯಾಗಿಲ್ಲವೆಂದು ಕಚೇರಿ ಹೇಳಿದರೆ ಹಿಂಬರಹದಲ್ಲಿ ಪಡೆಯಿರಿ. ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವಾಗ ಅದು ಬೇಕಾಗುತ್ತದೆ.

ದುಡಿಮೆಯ ಬಂಡವಾಳಕ್ಕೆ 2020ರಲ್ಲಿ ಆರಂಭವಾದ ಪಿಎಂ ಸ್ವನಿಧಿ ಸಾಲ ಯೋಜನೆ ಇದೆ. ಈಗ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿವರೆಗೆ. ಅಡಮಾನ ಬೇಡ, ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಶೇ 7ರ ಬಡ್ಡಿ ಸಹಾಯಧನ ಸಿಗುತ್ತದೆ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿಯ ಸಂಖ್ಯೆ 15100. ಒಬ್ಬರೇ ಹೋಗಬೇಡಿ, ಪಕ್ಕದ ಗಾಡಿಯವರನ್ನೂ ಕರೆದುಕೊಂಡು ಹೋಗಿ. ಮುಂದಿನ ಟಿವಿಸಿ ಚುನಾವಣೆಗೆ ನಿಮ್ಮ ಬೀದಿಯಿಂದ ಯಾರು ನಿಲ್ಲುತ್ತಾರೆಂದು ಈಗಲೇ ಕೂತು ಮಾತಾಡಿಕೊಳ್ಳಿ.