ಬಿಗಿ ಬಿಡಿಸುವ ಸಪೊಸಿಟರಿ: ನಮ್ಮ ಹುಡುಗಿಯರಿಗೆ ಒಂದಿಷ್ಟು ಕಿವಿಮಾತು

ಮೈಸೂರಿನಲ್ಲಿ ಬಿ.ಫಾರ್ಮ್ ಓದಿ, ಮದುವೆಯಾಗಿ ನ್ಯೂಜೆರ್ಸಿಗೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಬರೆದು, ಕಾಂಪೌಂಡಿಂಗ್ ಫಾರ್ಮಸಿಯೊಂದರಲ್ಲಿ ಕೂದಲು ನರೆಯುವ ತನಕ ಕೆಲಸ ಮಾಡಿದವಳು ನಾನು. ಹಿಂದೆ ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರು ಸೀಸೆಗೆ ಕಾಗದದ ಗುರುತು ಅಂಟಿಸಿ ಮಿಕ್ಸ್ಚರ್ ಕೊಡುತ್ತಿದ್ದರಲ್ಲ, ಅದೇ ಕಸುಬು. ಇಲ್ಲಿ ತಕ್ಕಡಿ ಇನ್ನಷ್ಟು ಸೂಕ್ಷ್ಮ, ಕಾನೂನು ಇನ್ನಷ್ಟು ಬಿಗಿ, ಅಷ್ಟೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ಒಬ್ಬಳು ಪಕ್ಕಕ್ಕೆ ಕರೆದು, "ಆಂಟಿ, ಡಾಕ್ಟರು ಒಳಗಿಟ್ಟುಕೊಳ್ಳೋ ವೇಲಿಯಂ ಬರೆದಿದ್ದಾರೆ, ಇಟ್ಕೋಬಹುದಾ?" ಎಂದು ಪಿಸುಗುಟ್ಟುತ್ತಾಳೆ. ಅವಳು ಕೇಳುವುದು ಸಪೊಸಿಟರಿ, ಅಂದರೆ ಒಳಗಿಟ್ಟರೆ ಅಲ್ಲೇ ಕರಗುವ ಔಷಧಿ ಗುಳಿಗೆಯ ವಿಷಯ. ತಟ್ಟೆ ಹಿಡಿದುಕೊಂಡು ಹೇಳಿ ಮುಗಿಸುವ ಉತ್ತರವಲ್ಲ ಅದು. ಅದಕ್ಕೇ ಕೂತು ಬರೆದಿದ್ದೇನೆ.

• ನೋವು ಸ್ನಾಯುವಿನದೇ ಎಂದು ಮೊದಲು ಖಾತ್ರಿಯಾಗಲಿ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಒಳಗೆ ಸ್ನಾಯುಗಳ ಒಂದು ಹಾಸು ಇದೆ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಭಾಗ ಎಲ್ಲಕ್ಕೂ ಅದೇ ಆಸರೆ. ಪೆಲ್ವಿಕ್ ಫ್ಲೋರ್ ಅನ್ನುವುದು ಇದನ್ನೇ. ಇದು ಸಡಿಲವಾದರೆ ಕೆಮ್ಮಿದಾಗ ಮೂತ್ರ ಸೋರುತ್ತದೆ. ಅದನ್ನು ಎಲ್ಲರೂ ಬಲ್ಲರು. ಸದಾ ಬಿಗಿದುಕೊಂಡೇ ಇದ್ದರೂ ಕಷ್ಟ ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಗಂಡನ ಜೊತೆ ಸೇರುವಾಗ ಉರಿ, ಟ್ಯಾಂಪನ್ ಇಡಲು ಆಗದಿರುವುದು, ಕುರ್ಚಿಯಲ್ಲಿ ಕೂತರೆ ಕೆಳಗೆ ಜಗ್ಗುವ ನೋವು, ಮತ್ತೆಮತ್ತೆ ಮೂತ್ರದ ಅವಸರ, ಮಲಬದ್ಧತೆ, ಇವೆಲ್ಲ ಅದರ ಲಕ್ಷಣ. ಎಂಡೊಮೆಟ್ರಿಯೋಸಿಸ್ ಇದ್ದವರಿಗೆ, ಹೆರಿಗೆಯಲ್ಲಿ ಹರಿದು ಹೊಲಿಗೆ ಬಿದ್ದವರಿಗೆ, ಮೂತ್ರಕೋಶದ ನೋವಿನ ಕಾಯಿಲೆಯವರಿಗೆ ಈ ಬಿಗಿತ ಜೊತೆಗೇ ಬರುವುದುಂಟು. ಡಾಕ್ಟರು ಒಂದು ಬೆರಳಿನಿಂದ ಒಳಗೆ ಒತ್ತಿ ನೋಡಿ, "ಇಲ್ಲಿ ನೋಯುತ್ತಾ?" ಎಂದು ಜಾಗ ಗುರುತಿಸಬೇಕು. ಪರೀಕ್ಷೆಯೇ ಮಾಡದೆ ಚೀಟಿ ಬರೆದುಕೊಟ್ಟಿದ್ದರೆ ಹಿಂದಕ್ಕೆ ಹೋಗಿ ಕೇಳು. ಸೋಂಕಿಗೂ ಗಡ್ಡೆಗೂ ಈ ಸಪೊಸಿಟರಿ ಔಷಧಿಯಲ್ಲ.

• ಒಳಗೇನಿದೆ ಎಂದು ತಿಳಿದುಕೋ. ಹೆಚ್ಚಾಗಿ ಇರುವುದು ಡಯಾಜೆಪಾಮ್. 1963ರಲ್ಲಿ ವೇಲಿಯಂ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅದೇ ಮಾತ್ರೆ. ಸಾಮಾನ್ಯವಾಗಿ ಒಂದು ಸಪೊಸಿಟರಿಗೆ 5 ಅಥವಾ 10 ಮಿಲಿಗ್ರಾಂ. ಕೆಲವರಿಗೆ ಸ್ನಾಯು ಸಡಿಲಿಸುವ ಬ್ಯಾಕ್ಲೊಫೆನ್, ಕೆಲವರಿಗೆ ಎರಡೂ ಸೇರಿಸಿ, ಇನ್ನು ಕೆಲವರಿಗೆ ಮರಗಟ್ಟಿಸುವ ಲಿಡೊಕೇನ್ ಜೊತೆಗೆ ಬರೆಯುತ್ತಾರೆ. ಡಯಾಜೆಪಾಮ್, ಬ್ಯಾಕ್ಲೊಫೆನ್ ಎರಡೂ ಒಪ್ಪಿಗೆ ಪಡೆದ ಔಷಧಿಗಳೇ, ಆದರೆ ಯೋನಿಯಲ್ಲಿಡುವುದಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ಡಾಕ್ಟರು ತಮ್ಮ ವಿವೇಚನೆಯ ಮೇಲೆ ಬರೆಯುತ್ತಾರೆ. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಕಂಪನಿಗಳು ಮಾಡಿ ಮಾರುವ ಸಿದ್ಧ ಸರಕಲ್ಲವಾದ್ದರಿಂದ ಮೂಲೆಯ ದೊಡ್ಡ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ, ಕಾಂಪೌಂಡಿಂಗ್ ಫಾರ್ಮಸಿಯಲ್ಲೇ ಮಾಡಿಸಬೇಕು.

• ಎಷ್ಟು ಗುಣ ಕೊಡುತ್ತದೆ? ನಾನೇ ಮಾಡಿ ಮಾರಿದ ಔಷಧಿಯಾದರೂ ಇದ್ದದ್ದು ಇದ್ದಹಾಗೆ ಹೇಳುತ್ತೇನೆ. 2010ರಲ್ಲಿ ಬಂದ ಒಂದು ವರದಿಯಲ್ಲಿ 26 ಹೆಂಗಸರ ಪೈಕಿ 25 ಮಂದಿ ಹಗುರವಾಯಿತು ಎಂದಿದ್ದರು. ಆದರೆ ಅವರಿಗೆ ಫಿಸಿಯೋಥೆರಪಿಯೂ ಸ್ನಾಯುವಿಗೆ ಚುಚ್ಚುಮದ್ದೂ ಜೊತೆಗೇ ನಡೆದಿದ್ದವು, ಯಾವುದರಿಂದ ಗುಣವಾಯಿತೋ ಹೇಳುವುದು ಹೇಗೆ? 2013ರಲ್ಲಿ ಅರ್ಧ ಜನಕ್ಕೆ 10 ಮಿಲಿಗ್ರಾಂ ಔಷಧಿ, ಅರ್ಧ ಜನಕ್ಕೆ ಔಷಧಿಯಿಲ್ಲದ ಹುಸಿ ಗುಳಿಗೆ ಕೊಟ್ಟು 28 ರಾತ್ರಿ ನೋಡಿದರು, ಹೆಚ್ಚುಕಡಿಮೆ ಕಾಣಲಿಲ್ಲ. 2019ರ ಪರೀಕ್ಷೆಯಲ್ಲೂ ಅದೇ ಕಥೆ. ಎರಡೂ ಚಿಕ್ಕ ಪರೀಕ್ಷೆಗಳು, ಕೊನೆಯ ಮಾತಲ್ಲ. ಕೌಂಟರಿನ ಆಚೆ ನಿಂತು "ಇದರಿಂದಲೇ ನನಗೆ ಕೂರುವುದಕ್ಕಾಯಿತು" ಎಂದವರನ್ನೂ ಕಂಡಿದ್ದೇನೆ, ಪೆಟ್ಟಿಗೆ ಖಾಲಿಯಾದರೂ ಏನೂ ಆಗಲಿಲ್ಲ ಎಂದವರನ್ನೂ ಕಂಡಿದ್ದೇನೆ. ನಾಲ್ಕಾರು ವಾರ ನೋಡುತ್ತೇನೆ, ಆಗದಿದ್ದರೆ ಬಿಡುತ್ತೇನೆ ಎಂದು ಡಾಕ್ಟರ ಜೊತೆ ಮೊದಲೇ ಮಾತಾಡಿಕೊಂಡು ಶುರುಮಾಡು. ಗಡುವಿಲ್ಲದೆ ರೀಫಿಲ್ ಮೇಲೆ ರೀಫಿಲ್ ತಗೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

• ನಿಜವಾದ ಕೆಲಸ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿಯದು. ಇದೇ ತರಬೇತಿ ಪಡೆದ ಫಿಸಿಯೋ ಕೈಗವಸು ಹಾಕಿ ಒಳಗಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ಬಿಡಿಸುತ್ತಾರೆ, ಹೊಟ್ಟೆ ತುಂಬ ಉಸಿರು ಎಳೆದಾಗ ಕೆಳಗಿನ ಹಾಸು ಇಳಿಯುವುದನ್ನು ನಿನಗೇ ತೋರಿಸಿಕೊಡುತ್ತಾರೆ, ಯೋನಿಯನ್ನು ಮೆಲ್ಲಗೆ ಹಿಗ್ಗಿಸುವ ಡೈಲೇಟರನ್ನು ಸಣ್ಣದರಿಂದ ದೊಡ್ಡದಕ್ಕೆ ಬಳಸುವುದು ಕಲಿಸುತ್ತಾರೆ. ಮೊದಲ ದಿನ ಅಳು ಬರಬಹುದು, ನೋವಿಗೂ ನಾಚಿಕೆಗೂ. ಬೇಡ ಎಂದರೆ ಅವರು ತಕ್ಷಣ ಕೈ ತೆಗೆಯಬೇಕು; ತೆಗೆಯದವರ ಬಳಿ ಎರಡನೇ ಸಲ ಹೋಗಬೇಡ. ಸಪೊಸಿಟರಿಯನ್ನು ಥೆರಪಿಗೆ ಹೊರಡುವ ಮುಂಚೆ ಇಡಲು ಕೆಲವು ಡಾಕ್ಟರು ಹೇಳುತ್ತಾರೆ. ಹಾಗೆ ಹೇಳಿದ್ದರೆ ಹೋಗಿಬರಲು ಕಾರು ಓಡಿಸುವವರು ಬೇರೆ ಇರಲಿ.

• ಯಾರೋ ಹೇಳಿದರೆಂದು ಕೀಗಲ್ ವ್ಯಾಯಾಮ ಶುರುಮಾಡಬೇಡ. ಅದು ಸಡಿಲವಾದದ್ದನ್ನು ಬಿಗಿ ಮಾಡುವುದಕ್ಕೆ. ನಿನ್ನದು ಆಗಲೇ ಬಿಗಿದುಕೊಂಡಿದೆ.

• ಫಾರ್ಮಸಿ ಆರಿಸುವಾಗ ಕೇಳಿ ತಿಳಿದುಕೋ. ಕಾಂಪೌಂಡ್ ಮಾಡಿದ ಔಷಧಿಯನ್ನು ಎಫ್‌ಡಿಎ ಮುಂಚಿತವಾಗಿ ಪರೀಕ್ಷಿಸಿ ಒಪ್ಪುವುದಿಲ್ಲ. ಮಾಡುವವರ ಕೈ ಶುದ್ಧವೋ ಇಲ್ಲವೋ ಎಂಬುದರ ಮೇಲೇ ಎಲ್ಲ ನಿಂತಿದೆ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ ಕೇಂದ್ರದ ಕಲುಷಿತ ಚುಚ್ಚುಮದ್ದಿನಿಂದ ಮಿದುಳುಪೊರೆಯ ಸೋಂಕು ಹಬ್ಬಿ ಹಲವರು ಸತ್ತರು, ಆಮೇಲೆ 2013ರಲ್ಲಿ ಹೊಸ ಕಾನೂನೇ ಬಂತು. ಸಪೊಸಿಟರಿಯಲ್ಲಿ ಅಷ್ಟು ಅಪಾಯವಿಲ್ಲ, ಆದರೂ ರಾಜ್ಯದ ಫಾರ್ಮಸಿ ಬೋರ್ಡಿನ ಲೈಸೆನ್ಸ್ ಇದೆಯೇ, ಡಯಾಜೆಪಾಮ್ ಪುಡಿಯಿಂದ ಮಾಡುತ್ತೀರೋ ಮಾತ್ರೆ ಅರೆದು ಮಾಡುತ್ತೀರೋ, ಔಷಧಿ ಬೆರೆಸುವ ಬೇಸು ಯಾವುದು, ಎಷ್ಟು ದಿನ ಇಡಬಹುದು ಎಂದು ಕೇಳು. ಒಳ್ಳೆಯ ಫಾರ್ಮಸಿಸ್ಟ್ ಇದಕ್ಕೆ ಬೇಸರಪಡುವುದಿಲ್ಲ. ವಿಮೆ ಬಹಳ ಸಲ ಇದಕ್ಕೆ ದುಡ್ಡು ಕೊಡುವುದಿಲ್ಲ, ನಗದು ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸು.

• ಬೇಸಿನ ವಿಷಯ ನನಗೆ ಇಷ್ಟದ್ದು, ಸ್ವಲ್ಪ ತಡೆದುಕೋ. ಕೋಕೋ ಬೆಣ್ಣೆ ಅಥವಾ ಅಂಥದೇ ಗಟ್ಟಿ ಕೊಬ್ಬನ್ನು ಸಣ್ಣ ಕಾವಿನಲ್ಲಿ ಕರಗಿಸಿ, ತೂಗಿದ ಪುಡಿ ಹಾಕಿ, ಅದು ತಳ ಹಿಡಿಯದ ಹಾಗೆ ಕದಡುತ್ತಲೇ ಇದ್ದು, ಪ್ಲಾಸ್ಟಿಕ್ ಅಚ್ಚಿನ ಪಟ್ಟಿಗೆ ಒಂದೊಂದು ಗುಳಿಯಾಗಿ ಹುಯ್ಯುತ್ತೇವೆ. ಪುಡಿ ತಾನೂ ಜಾಗ ಹಿಡಿಯುತ್ತದಲ್ಲ, ಅಷ್ಟು ಕೊಬ್ಬನ್ನು ಲೆಕ್ಕ ಹಾಕಿ ಕಡಿಮೆ ಮಾಡದಿದ್ದರೆ ಪ್ರತಿ ಗುಳಿಯಲ್ಲೂ ಔಷಧಿ ಕಡಿಮೆ ಬೀಳುತ್ತದೆ. ಕೋಕೋ ಬೆಣ್ಣೆಗೆ ಕಾವು ಹೆಚ್ಚಾಯಿತೋ, ಅದರ ಹರಳು ಕೆಟ್ಟು ಕೈಯಲ್ಲಿ ಹಿಡಿಯುವಷ್ಟರಲ್ಲೇ ಕರಗುವಂತಾಗುತ್ತದೆ. ಕೊಬ್ಬಿನ ಬೇಸು ಮೈಬಿಸಿಗೆ ಕರಗುತ್ತದೆ, ಪಾಲಿಎಥಿಲೀನ್ ಗ್ಲೈಕಾಲ್ ಬೇಸು ಒಳಗಿನ ತೇವಕ್ಕೆ ಕರಗುತ್ತದೆ. ಎರಡನೆಯದು ಕೆಲವರಿಗೆ ಉರಿಯುತ್ತದೆ. ಉರಿದರೆ ಸಹಿಸಿಕೊಂಡು ಕೂರಬೇಡ, ಬೇಸು ಬದಲಿಸಿ ಎಂದು ಫೋನ್ ಮಾಡು. ಔಷಧಿಯೇ ನನಗೆ ಆಗಿಬರಲಿಲ್ಲ ಎಂದುಕೊಂಡು ಬಿಟ್ಟವರಲ್ಲಿ ಎಷ್ಟೋ ಜನಕ್ಕೆ ಆಗದಿದ್ದದ್ದು ಬೇಸು.

• ಜುಲೈ ತಿಂಗಳಲ್ಲಿ ಅಂಚೆಪೆಟ್ಟಿಗೆಯಲ್ಲಿ ಬಿಟ್ಟುಹೋಗುವ ಡೆಲಿವರಿ ಬೇಡ. ಕರಗಿದ್ದನ್ನು ಫ್ರಿಜ್‌ನಲ್ಲಿಟ್ಟು ಮತ್ತೆ ಗಟ್ಟಿ ಮಾಡಿ ಬಳಸಬೇಡ. ಔಷಧಿ ಒಂದು ತುದಿಗೆ ಇಳಿದುಬಿಟ್ಟಿರುತ್ತದೆ. ಫಾರ್ಮಸಿಗೆ ತಿಳಿಸು.

• ಇಡುವ ಕ್ರಮ: ರಾತ್ರಿ, ಮೂತ್ರಕ್ಕೆ ಹೋಗಿಬಂದು, ಕೈ ಸೋಪು ಹಾಕಿ ತೊಳೆದು, ಪಟ್ಟಿಯಿಂದ ಬಿಡಿಸು. ಪ್ಲಾಸ್ಟಿಕ್ ಕವಚದ ಸಮೇತ ಇಟ್ಟುಕೊಂಡವರೂ ಇದ್ದಾರೆ, ನಗಬೇಡ. ಅಂಗಾತ ಮಲಗಿ ಮಂಡಿ ಮಡಿಸಿ, ಉಸಿರು ಬಿಡುತ್ತಾ, ಬೆರಳು ಹಿತವಾಗಿ ಹೋಗುವಷ್ಟು ಒಳಕ್ಕೆ ತಳ್ಳು. ಒಣಗಿದಂತಿದ್ದರೆ ತುದಿಗೆ ಒಂದು ಹನಿ ನೀರು ಸಾಕು. ಮತ್ತೆ ಎದ್ದು ಅಡುಗೆಮನೆ ಸಾರಿಸಲು ಹೋಗಬೇಡ, ಅರ್ಧ ಗಂಟೆಯಾದರೂ ಮಲಗಿರು. ಬೆಳಿಗ್ಗೆ ಬಿಳಿಯ ಜಿಡ್ಡು ಇಳಿಯುತ್ತದೆ; ಬಿಳಿಸೆರಗು ಎಂದು ಹೆದರದೆ ತೆಳ್ಳನೆಯ ಪ್ಯಾಡ್ ಇಟ್ಟುಕೋ. ನಾರುವ ಸ್ರಾವ, ಜ್ವರ, ರಕ್ತ ಕಂಡರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ಹೇಳು. ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಲ್ಲಿ ಬಲವಿಲ್ಲದಂತಾದರೆ ನೇರ ತುರ್ತು ಚಿಕಿತ್ಸೆಗೆ ಹೋಗು.

• "ಹೊಟ್ಟೆಗೆ ತಗೊಂಡಿಲ್ಲವಲ್ಲ, ಅಲ್ಲೇ ಕೆಲಸ ಮಾಡುತ್ತೆ" ಎಂಬುದು ತಪ್ಪು ಲೆಕ್ಕ. ಯೋನಿಯ ಗೋಡೆಯಿಂದ ಔಷಧಿ ರಕ್ತಕ್ಕೆ ಸೇರುತ್ತದೆ, ಡಯಾಜೆಪಾಮ್ ಮೈಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ದಿನಾ ಇಟ್ಟರೆ ಒಂದರ ಮೇಲೊಂದು ಸೇರಿಕೊಳ್ಳುತ್ತದೆ. ಮೊದಲ ಕೆಲವು ಬೆಳಗು ತಲೆ ಭಾರವಿದೆಯೇ ನೋಡಿಕೊಂಡು ಕಾರಿನ ಕೀ ಮುಟ್ಟು. ವೈನ್ ಬೇಡ. ಹೆರಿಗೆಯ ಅಥವಾ ಆಪರೇಷನ್ನಿನ ನೋವಿಗೆ ಕೊಟ್ಟ ಒಪಿಯಾಯ್ಡ್ ಮಾತ್ರೆಯ ಜೊತೆ ಬೇಡವೇ ಬೇಡ, ಉಸಿರಾಟವೇ ಕುಗ್ಗಬಹುದು. ನಮ್ಮವರು ಮರೆಯುವುದು ಇನ್ನೊಂದು: ಗ್ಯಾಸ್ಟ್ರಿಕ್ ಎಂದು ದಿನಾ ನುಂಗುವ ಒಮೆಪ್ರಜೋಲ್. ಅದು ಡಯಾಜೆಪಾಮ್ ಮೈಯಿಂದ ಹೊರಹೋಗುವುದನ್ನು ನಿಧಾನ ಮಾಡುತ್ತದೆ. ಖಿನ್ನತೆಗೆ ಕೊಡುವ ಫ್ಲುವಾಕ್ಸೆಟಿನ್ ಕೂಡ ಹಾಗೆಯೇ. ನುಂಗುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಬ್ಯಾಕ್ಲೊಫೆನ್ ಹೆಚ್ಚಾಗಿ ಮೂತ್ರಪಿಂಡದ ಮೂಲಕ ಹೋಗುವಂಥದು, ಕಿಡ್ನಿ ತೊಂದರೆ ಇದ್ದರೆ ಮರೆಯದೆ ಹೇಳು.

• ಬಸಿರಿಗೆ ಪ್ರಯತ್ನಿಸುತ್ತಿದ್ದೀಯ, ಬಸುರಿಯಾಗಿದ್ದೀಯ, ಮಗುವಿಗೆ ಹಾಲು ಕೊಡುತ್ತಿದ್ದೀಯ? ಡಾಕ್ಟರಿಗೆ ಹೇಳದೆ ಒಂದು ಸಪೊಸಿಟರಿಯನ್ನೂ ಇಡಬೇಡ. ಹಾಲಿನಲ್ಲಿ ಡಯಾಜೆಪಾಮ್ ಇಳಿಯುತ್ತದೆ, ಮಗು ಮಂಕಾಗಿ ಹಾಲು ಕುಡಿಯುವುದನ್ನೇ ಬಿಡಬಹುದು. ಬಸಿರು ಬೇಡ ಎನ್ನುವವರು ಲೇಟೆಕ್ಸ್ ಕಾಂಡೋಮ್ ನಂಬಿದ್ದರೆ, ಕೊಬ್ಬಿನ ಬೇಸು ಅದನ್ನು ಹಾಳುಮಾಡುತ್ತದೆ ಎಂಬುದು ನೆನಪಿರಲಿ.

• ತಿಂಗಳುಗಟ್ಟಲೆ ದಿನಾ ಇಟ್ಟಿದ್ದರೆ ಒಂದೇ ದಿನ ನಿಲ್ಲಿಸಬೇಡ. ಡಯಾಜೆಪಾಮ್ ಅಭ್ಯಾಸ ಹಿಡಿಸುವ ಜಾತಿಯದು, 2020ರಲ್ಲಿ ಎಫ್‌ಡಿಎ ಈ ಜಾತಿಯ ಎಲ್ಲ ಔಷಧಿಗಳ ಮೇಲೂ ಈ ಎಚ್ಚರಿಕೆಯನ್ನು ಚೌಕಟ್ಟಿನಲ್ಲಿ ಹಾಕಿಸಿತು. ಬ್ಯಾಕ್ಲೊಫೆನ್ ಕೂಡ ಥಟ್ಟನೆ ಬಿಟ್ಟರೆ ತಿರುಗಿ ಬೀಳುತ್ತದೆ. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸು.

• ಅಮ್ಮ ಊರಿಂದ ಕಳಿಸಿದ ಎಣ್ಣೆಯಲ್ಲಿ ಅದ್ದಿದ ಹತ್ತಿ, ಗೆಳತಿ ತಂದುಕೊಟ್ಟ ಗಾಂಜಾ ಸತ್ವದ ಸಪೊಸಿಟರಿ, ಇವನ್ನು ಇದರ ಜೊತೆ ಬೆರೆಸಬೇಡ. ಬೇಕೇಬೇಕೆಂದರೆ ಮೊದಲು ಡಾಕ್ಟರ ಕಿವಿಗೆ ಹಾಕು. ಹತ್ತಿ ಔಷಧಿಯನ್ನು ಹೀರುತ್ತದೆ, ಗಾಂಜಾ ಮಂಪರನ್ನು ಹೆಚ್ಚಿಸುತ್ತದೆ.

• ಗಂಡನಿಗೆ ಹೇಳು. "ನನ್ನ ಮೇಲೆ ಮನಸ್ಸಿಲ್ಲ" ಎಂದು ಅವನು ಒಳಗೊಳಗೇ ಕುದಿಯುತ್ತಿರುತ್ತಾನೆ, ನೀನು ಹಲ್ಲುಕಚ್ಚಿ ಸಹಿಸುತ್ತಿರುತ್ತೀಯ, ಸ್ನಾಯು ಇನ್ನೂ ಬಿಗಿಯುತ್ತದೆ. ಚಿಕಿತ್ಸೆ ನಡೆಯುವಷ್ಟು ದಿನ ಒಳಗೆ ಸೇರುವುದು ಬೇಡ ಎಂದು ಡಾಕ್ಟರಿಂದಲೇ ಹೇಳಿಸಿದರೂ ತಪ್ಪಿಲ್ಲ. ಅತ್ತೆಗೆ ಹೇಳಬೇಕೆಂಬ ಕಾನೂನೇನಿಲ್ಲ.

• ಊರಿಗೆ ಹೊರಟರೆ ಡಾಕ್ಟರ ಚೀಟಿಯ ಪ್ರತಿ, ಹೆಸರಿರುವ ಲೇಬಲ್ ಸಮೇತ ಮೂಲ ಪೆಟ್ಟಿಗೆ, ಎರಡೂ ಕೈಚೀಲದಲ್ಲಿರಲಿ. ಭಾರತದಲ್ಲಿ ಡಯಾಜೆಪಾಮ್ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಔಷಧಿ. ಬೇಕಾದಷ್ಟೇ ಒಯ್ಯಿ. ಬೆಂಗಳೂರಿನಲ್ಲಿ ಮಾಡಿಸಿಕೊಳ್ಳೋಣ ಎಂದು ಹೋಗಬೇಡ, ಒಬ್ಬೊಬ್ಬರಿಗೆಂದು ಸಪೊಸಿಟರಿ ಮಾಡಿಕೊಡುವ ಅಂಗಡಿ ಹುಡುಕುವುದು ಕಷ್ಟ. ಗಾಂಜಾದ್ದನ್ನು ವಿಮಾನ ಹತ್ತಿಸುವ ಯೋಚನೆಯೇ ಬೇಡ. ಇಲ್ಲಿ ಡಯಾಜೆಪಾಮ್ ಚೀಟಿಗೆ ಆರು ತಿಂಗಳ ಆಯುಸ್ಸು, ರೀಫಿಲ್ ಹೆಚ್ಚೆಂದರೆ ಐದು. ಟಿಕೆಟ್ ಮಾಡಿಸುವಾಗಲೇ ತಾರೀಖು ನೋಡಿಕೋ.

• ಮಕ್ಕಳಿರುವ ಮನೆಯಲ್ಲಿ ಫ್ರಿಜ್‌ನ ಬಾಗಿಲ ಗೂಡಿನಲ್ಲಿ ಇಡಬೇಡ, ಬಿಳಿ ಚಾಕಲೇಟಿನ ಹಾಗೇ ಕಾಣುತ್ತದೆ. ಬೀಗವಿರುವ ಸಣ್ಣ ಡಬ್ಬಿಯಲ್ಲಿಟ್ಟು ಹಿಂದಕ್ಕೆ ತಳ್ಳು. ಉಳಿದದ್ದನ್ನು ಔಷಧಿ ವಾಪಸು ತೆಗೆದುಕೊಳ್ಳುವ ಫಾರ್ಮಸಿಗೆ ಕೊಡು. ಹತ್ತಿರದಲ್ಲಿ ಅಂಥದ್ದಿಲ್ಲದಿದ್ದರೆ ಪಟ್ಟಿಯಿಂದ ಬಿಡಿಸಿ, ಫಿಲ್ಟರಿನ ಕಾಫಿ ಚರಟದ ಜೊತೆ ಕಲಸಿ, ಜಿಪ್ ಕವರಿನಲ್ಲಿ ಮುಚ್ಚಿ ಕಸಕ್ಕೆ ಹಾಕು; ಲೇಬಲ್ ಮೇಲಿನ ನಿನ್ನ ಹೆಸರನ್ನು ಮಾರ್ಕರಿನಿಂದ ಅಳಿಸಿಬಿಡು.